ಟ್ರ್ಯಾಕಿನ ಸದ್ದು, ಹಾಡುವವರ ಉಸಿರು

ಜಯನಗರ, ಜೆ.ಪಿ. ನಗರ, ಬನಶಂಕರಿಗಳ ಸಣ್ಣ ಸಭಾಂಗಣಗಳಲ್ಲಿ ಒಂದು ಬಗೆಯ ಹಾಡುಗಾರಿಕೆ ನೆಲೆಯೂರಿದೆ. ವೇದಿಕೆಯ ಮೇಲೆ ವಾದ್ಯದವರಿಲ್ಲ. ಒಂದು ಲ್ಯಾಪ್‌ಟಾಪು, ಎರಡು ಮೈಕು, ಮೂಲೆಯಲ್ಲೊಂದು ಮಿಕ್ಸರು. ನಿವೃತ್ತ ನೌಕರರು, ಶಿಕ್ಷಕಿಯರು, ಅಂಗಡಿಯವರು ಸರದಿಯಂತೆ ಬಂದು ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ಮಹಮ್ಮದ್ ರಫಿ ಹಾಡಿದ್ದನ್ನು ಹಾಡುತ್ತಾರೆ. ಬದುಕಿಡೀ ವೇದಿಕೆಯ ಕೆಳಗೇ ಕುಳಿತವರಿಗೆ ಮೇಲೇರುವ ಅವಕಾಶ ಸಿಕ್ಕಿದೆ. ಇದು ಸಣ್ಣ ಸಂಗತಿಯಲ್ಲ. ನಮ್ಮ ಸಂಗೀತ ವಿಮರ್ಶೆ ಇದನ್ನು ಕಣ್ಣೆತ್ತಿಯೂ ನೋಡಿಲ್ಲ ಎಂಬುದು ಬೇರೆ ಮಾತು.

ಆದರೆ ಇಂಥ ಸಂಜೆಗಳಲ್ಲಿ ಹಾಡು ಕೆಡುವುದು ಶ್ರುತಿ ತಪ್ಪಿದ್ದರಿಂದ ಮಾತ್ರವಲ್ಲ. ಮೊದಲ ಹಾಡಿನ ಟ್ರ್ಯಾಕು ಪಿಸುಗುಟ್ಟುತ್ತದೆ, ಎರಡನೆಯದು ಅಬ್ಬರಿಸುತ್ತದೆ. ಮಿಕ್ಸರಿನವನು ಓಡಿ ಗುಂಡಿ ತಿರುಗಿಸುವಷ್ಟರಲ್ಲಿ ಪಲ್ಲವಿ ಮುಗಿದಿರುತ್ತದೆ. ಅರವತ್ತು ದಾಟಿದ ಹೆಣ್ಣುಮಗಳು ಆ ಅಬ್ಬರದ ಮೇಲೆ ತನ್ನ ದನಿ ಕೇಳಿಸಲೆಂದು ಕೂಗುತ್ತಾಳೆ. ಜಾನಕಿಯವರ ಹಾಡನ್ನು ಕೂಗಲಾದೀತೆ?

ಕಾರಣ ಸರಳ. ಒಂದು ಟ್ರ್ಯಾಕನ್ನು ಯಾರೋ ಕೀಬೋರ್ಡಿನಲ್ಲಿ ಹೊಸದಾಗಿ ನುಡಿಸಿರುತ್ತಾರೆ. ಇನ್ನೊಂದು, ಹಳೆಯ ಧ್ವನಿಮುದ್ರಿಕೆಯಿಂದ ಗಾಯಕನ ದನಿಯನ್ನು ಕಂಪ್ಯೂಟರಿನಲ್ಲಿ ಅಳಿಸಿ ತೆಗೆದದ್ದು. (ಅಂಥವುಗಳಲ್ಲಿ ಒಮ್ಮೊಮ್ಮೆ ರಫಿಯ ನೆರಳು ಹಿಂದೆ ಉಳಿದು, ಹಾಡುವವನ ಜೊತೆ ಗುನುಗುತ್ತಿರುತ್ತದೆ.) ಕಡತಗಳ ಅತ್ಯುನ್ನತ ಬಿಂದುವನ್ನು ಸಮ ಮಾಡಿದರೆ ಸಾಕೆಂದು ಹಲವರು ತಿಳಿದಿದ್ದಾರೆ. ಸಾಲದು. ಕಿವಿ ಅಳೆಯುವುದು ಒಂದು ತಾಳದ ಏಟನ್ನಲ್ಲ, ಹಾಡಿನುದ್ದಕ್ಕೂ ಹರಿಯುವ ಸದ್ದನ್ನು. ಅದನ್ನು ಅಳೆಯುವ ಅಂತರರಾಷ್ಟ್ರೀಯ ಮಾನವೊಂದು 2006ರಲ್ಲೇ ಬಂತು. ಅದರ ಏಕಮಾನ ಎಲ್‌ಯುಎಫ್‌ಎಸ್. ಒಂದು ಟ್ರ್ಯಾಕು ಮೈನಸ್ 20, ಇನ್ನೊಂದು ಮೈನಸ್ 10 ಇದ್ದರೆ ಎರಡನೆಯದು ಕಿವಿಗೆ ಸುಮಾರು ಇಮ್ಮಡಿ ಜೋರು. ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲೂ ಇದನ್ನು ಸರಿಪಡಿಸಬಹುದು. ಮೆತ್ತನೆಯದನ್ನು ಎಳೆದು ಏರಿಸುವ ಬದಲು ಜೋರಿನದನ್ನು ಇಳಿಸುವುದು ಲೇಸು; ಏರಿಸಿದರೆ ತುದಿಗಳು ಒಡೆಯುತ್ತವೆ.

ಇಲ್ಲಿ ಒಂದು ಎಚ್ಚರ ಬೇಕು. ಹಾಡು ಹಾಡಿನ ನಡುವಿನ ಏರುಪೇರನ್ನು ಸರಿದೂಗಿಸುವುದು ಬೇರೆ, ಹಾಡಿನೊಳಗಿನ ಏರಿಳಿತವನ್ನೇ ಚಪ್ಪಟೆ ಮಾಡುವುದು ಬೇರೆ. ಎರಡನೆಯದನ್ನು ಕಂಪ್ರೆಸರ್ ಮಾಡುತ್ತದೆ. ಮದುವೆ ಮಂಟಪದ ಸಂಗೀತ ಅದರಿಂದಲೇ ಗೋಡೆಯಂತೆ ಎದುರು ನಿಲ್ಲುತ್ತದೆ. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್–ನಾಗೇಂದ್ರ ಅವರ ಸಂಯೋಜನೆಗಳಲ್ಲಿ ಚರಣಕ್ಕೆ ಮುನ್ನ ವಾದ್ಯಗಳು ತಗ್ಗುವುದು ದನಿಗೆ ಜಾಗ ಬಿಡಲೆಂದು. ಆ ಜಾಗ ಅಳಿಸಿಹೋದರೆ ಉಳಿಯುವುದು ಬರೀ ಲಯ.

ಕಂಪನಿ ನಾಟಕಗಳ ಕಾಲದಲ್ಲಿ ಈ ಕೆಲಸವನ್ನು ಮನುಷ್ಯ ಮಾಡುತ್ತಿದ್ದ. ಕಾಲು ಹಾರ್ಮೋನಿಯಂ ಮೇಷ್ಟ್ರು ನಟನ ಗಂಟಲು ಕಟ್ಟಿದ್ದು ತಿಳಿದು ಮೆತ್ತಗಾಗುತ್ತಿದ್ದರು. ‘ಒನ್ಸ್ ಮೋರ್’ ಎಂದರೆ ತಿರುಗಿ ಬರುತ್ತಿದ್ದರು. ಬಿ.ವಿ. ಕಾರಂತರ ರಂಗಸಂಗೀತದ ಜೀವವೂ ನಟರ ಜೊತೆಗೇ ನುಡಿಯುವುದರಲ್ಲಿತ್ತು. ಜೆ.ಪಿ. ನಗರದ ರಂಗಶಂಕರದಲ್ಲಿ, 2004ರಲ್ಲಿ ಅದು ತೆರೆದಾಗಿನಿಂದ, ಎರಡೂ ಬಗೆಯ ನಾಟಕಗಳನ್ನು ಬೆಂಗಳೂರು ನೋಡಿದೆ. ಮುದ್ರಿತ ಸಂಗೀತ ಎದುರಿನವರ ಉಸಿರನ್ನು ಕೇಳಿಸಿಕೊಳ್ಳುವುದಿಲ್ಲ. ಭರತನಾಟ್ಯದ ರಂಗಪ್ರವೇಶಗಳೂ ಖರ್ಚಿಗೆ ಹೆದರಿ ಮುದ್ರಿತ ಸಂಗೀತಕ್ಕೆ ಇಳಿದಾಗ ಇದೇ ಕಷ್ಟ.

ಹಾಗೆಂದು ತಬಲದವರನ್ನು, ಕೊಳಲಿನವರನ್ನು ಕರೆಸಿ ಎಂದು ಈ ಹಾಡುಗಾರರಿಗೆ ಉಪದೇಶ ಮಾಡುವುದು ಸುಲಭ. ಸಭಾಂಗಣದ ಬಾಡಿಗೆಯನ್ನೇ ತಲೆಗಿಷ್ಟೆಂದು ಹಂಚಿಕೊಳ್ಳುವವರು ಅವರು. ವಾದ್ಯದವರ ಅನ್ನದ ಪ್ರಶ್ನೆಯೂ ನಿಜ; ಆದರೆ ಆ ಹೊರೆಯನ್ನು ಇವರ ಹೆಗಲಿಗೆ ಮಾತ್ರ ಹೊರಿಸುವುದು ನ್ಯಾಯವಲ್ಲ.

ಅವರಿಂದ ಕೇಳಬಹುದಾದದ್ದು ಒಂದು ಗಂಟೆಯ ಶ್ರಮ. ಟ್ರ್ಯಾಕುಗಳನ್ನು ಮೊದಲೇ ಸಮ ಮಾಡಿಟ್ಟು, ಸಭಾಂಗಣದಲ್ಲೇ ಕೇಳಿ ನೋಡಬೇಕು. ಸಣ್ಣ ಸದ್ದಿನಲ್ಲಿ ಕಿವಿಗೆ ಕೆಳಸ್ವರಗಳು ಕಡಿಮೆ ಕೇಳುತ್ತವೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದರು. ಮನೆಯ ಸ್ಪೀಕರಿನಲ್ಲಿ ಹದವೆನಿಸಿದ ಡಗ್ಗಾ ದೊಡ್ಡ ಪೆಟ್ಟಿಗೆಗಳಲ್ಲಿ ಗುಮ್ಮೆನ್ನುವುದು ಅದಕ್ಕೇ. ಪರೀಕ್ಷೆಗೆ ಗುಂಪಿನ ಅತಿ ಮೆಲುದನಿಯವರನ್ನು ಮೊದಲು ಹಾಡಿಸಿ, ಅವರ ಸಾಹಿತ್ಯ ಕೊನೆಯ ಸಾಲಿಗೆ ತಿಳಿಯುವವರೆಗೆ ಟ್ರ್ಯಾಕನ್ನು ತಗ್ಗಿಸುತ್ತಾ ಹೋಗಬೇಕು. ಜೋರು ದನಿಯವರು ಹೇಗೂ ಕೇಳಿಸುತ್ತಾರೆ.