ಮಿದುಳಿನ ಧಮನಿಯ ಉಬ್ಬು: ‘ಗುಣವಾಯಿತು’ ಎಂಬ ಮಾತಿನ ಚಾರಿತ್ರಿಕ ವಿಮರ್ಶೆ

ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆಯುವವರು ಶಸ್ತ್ರಕ್ರಿಯೆ ನಡೆದ ದಿನವನ್ನೇ ಕಥೆಯ ಕೊನೆಯ ದಿನವೆಂದು ಭಾವಿಸುವುದು ವಾಡಿಕೆ. ಮಿದುಳಿನ ಧಮನಿಯ ಗೋಡೆ ಬಲಗುಂದಿ ಗುಳ್ಳೆಯಂತೆ ಉಬ್ಬುವ, ವೈದ್ಯರು ಅನ್ಯೂರಿಸಂ ಎಂದು ಕರೆಯುವ, ವ್ಯಾಧಿಯ ವಿಷಯದಲ್ಲಿ ಈ ವಾಡಿಕೆ ಎಷ್ಟು ಅಸಮರ್ಪಕವಾದುದೆಂಬುದನ್ನು ಇಲ್ಲಿ ಪರಿಶೀಲಿಸಲು ಯತ್ನಿಸುತ್ತೇವೆ. ನಾವು ವೈದ್ಯರಲ್ಲ, ಚರಿತ್ರೆಯ ಅಧ್ಯಾಪಕರು. ಆದರೆ ಒಂದು ಅಂಕಿ ಎಲ್ಲಿ ಹುಟ್ಟಿತು, ಯಾರನ್ನು ಕುರಿತು ಹೇಳಿತು, ಯಾರನ್ನು ಹೊರಗಿರಿಸಿತು ಎಂದು ಕೇಳುವುದು ಚರಿತ್ರಕಾರನ ಕರ್ತವ್ಯವೇ ಸರಿ. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ರೋಗಿಯನ್ನು ಕಣ್ಣ ಮುಂದಿಟ್ಟುಕೊಂಡು ಆ ಪ್ರಶ್ನೆಯನ್ನು ಕೇಳಬೇಕಾಗಿದೆ.

ರೂಢಿಯ ಕಥೆ ಹೀಗಿದೆ. 1927ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೊನಿಜ್ ಮಿದುಳಿನ ರಕ್ತನಾಳಗಳನ್ನು ಕ್ಷಕಿರಣಚಿತ್ರದಲ್ಲಿ ಕಾಣುವ ಬಗೆಯನ್ನು ತೋರಿಸಿದನು. 1937ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ವಾಲ್ಟರ್ ಡ್ಯಾಂಡಿ ತಲೆಬುರುಡೆಯನ್ನು ತೆರೆದು, ಉಬ್ಬಿನ ಕೊರಳಿಗೆ ಬೆಳ್ಳಿಯ ಕ್ಲಿಪ್ಪನ್ನು ಹಾಕಿದನು. 1990ರ ಸುಮಾರಿಗೆ ಗುಗ್ಲಿಯೆಲ್ಮಿ ಎಂಬ ಇಟಲಿಯ ವೈದ್ಯನು ತೊಡೆಯ ಧಮನಿಯ ಮೂಲಕ ಸೂಕ್ಷ್ಮ ನಳಿಕೆಯನ್ನು ತೂರಿಸಿ, ಪ್ಲಾಟಿನಂ ತಂತಿಯ ಸುರುಳಿಯಿಂದ ಉಬ್ಬನ್ನು ಒಳಗಿನಿಂದಲೇ ತುಂಬುವ ಕ್ರಮವನ್ನು ತಂದನು. 2002ರಲ್ಲಿ ಐಸ್ಯಾಟ್ ಎಂಬ ಅಂತರರಾಷ್ಟ್ರೀಯ ಪ್ರಯೋಗದ ಮೊದಲ ವರದಿ ಹೊರಬಂದಿತು. ಒಂದು ವರ್ಷದ ಕೊನೆಗೆ ಮರಣ ಹೊಂದಿದವರು ಅಥವಾ ಪರಾಧೀನರಾದವರು ಕ್ಲಿಪ್ಪಿನ ಗುಂಪಿನಲ್ಲಿ ಶೇಕಡಾ 30.6, ಸುರುಳಿಯ ಗುಂಪಿನಲ್ಲಿ ಶೇಕಡಾ 23.7. ಇಲ್ಲಿಗೆ ಸುರುಳಿಯು ಗೆದ್ದಿತೆಂದು ಕಥೆ ಮುಗಿಯುತ್ತದೆ.

ಈ ಮುಕ್ತಾಯವನ್ನು ನಾವು ಒಪ್ಪಲಾರೆವು. ಮೊದಲನೆಯದಾಗಿ, ಪರಿಶೀಲಿಸಲ್ಪಟ್ಟ 9,559 ರೋಗಿಗಳಲ್ಲಿ ಪ್ರಯೋಗಕ್ಕೆ ಸೇರಿದವರು 2,143 ಮಂದಿ ಮಾತ್ರ. ಉಬ್ಬು ಒಡೆದು ರಕ್ತ ಸುರಿದು, ಎರಡು ಚಿಕಿತ್ಸೆಗಳಲ್ಲಿ ಯಾವುದಾದರೂ ಆದೀತೆಂದು ವೈದ್ಯರಿಗೆ ತೋರಿದವರು ಇವರು. ಎರಡನೆಯದಾಗಿ, ಒಂದು ವರ್ಷದ ಅಳತೆಗೋಲು ಜೀವಿತಕಾಲದ ಪ್ರಶ್ನೆಗೆ ಉತ್ತರ ಕೊಡಲಾರದು. ರಕ್ತದ ಮಿಡಿತಕ್ಕೆ ಸುರುಳಿಗಳು ಒತ್ತಿಕೊಂಡು ಕೊರಳಿನ ಬಳಿ ಎಡೆ ಬಿಡಬಹುದು. ಕ್ಲಿಪ್ಪಿನ ಹೊರಗೆ ಉಳಿದ ಅಂಚು ಬೆಳೆಯಬಹುದು. ಇಲ್ಲವೇ ಬೇರೊಂದು ಧಮನಿಯಲ್ಲಿ ಹೊಸ ಉಬ್ಬು ಹುಟ್ಟಬಹುದು. ಅಧಿಕ ರಕ್ತದೊತ್ತಡವೂ ಧೂಮಪಾನವೂ ಇದಕ್ಕೆ ನೆರವಾಗುತ್ತವೆ.

ಅದೇ ಪ್ರಯೋಗದ 2007ರ ವರದಿಯನ್ನು ನೋಡಿದರೆ ಚಿತ್ರ ಬದಲಾಗುತ್ತದೆ. ಸುರುಳಿಯ ಚಿಕಿತ್ಸೆ ಪಡೆದ 1,096 ಮಂದಿಯಲ್ಲಿ 191 ಮಂದಿಗೆ ಮತ್ತೆ ಚಿಕಿತ್ಸೆ ಬೇಕಾಯಿತು. ಕ್ಲಿಪ್ ಹಾಕಿಸಿಕೊಂಡ 1,012 ಮಂದಿಯಲ್ಲಿ 39 ಮಂದಿಗೆ. ಆದರೆ ಮರುಕಳಿಸುವುದೆಂದರೆ ಮತ್ತೆ ಒಡೆಯುವುದೆಂದೇ ಅರ್ಥವಲ್ಲ. ಬ್ರಿಟನ್ನಿನ 1,644 ರೋಗಿಗಳನ್ನು ಹತ್ತರಿಂದ ಹದಿನೆಂಟು ವರ್ಷ ಅನುಸರಿಸಿ 2015ರಲ್ಲಿ ಪ್ರಕಟಿಸಿದ ವರದಿಯಂತೆ, ಮೊದಲ ವರ್ಷ ಕಳೆದ ಮೇಲೆ ಅದೇ ಉಬ್ಬಿನಿಂದ ರಕ್ತಸ್ರಾವವಾದವರು ಸುರುಳಿಯ ಗುಂಪಿನಲ್ಲಿ 13, ಕ್ಲಿಪ್ಪಿನ ಗುಂಪಿನಲ್ಲಿ 4. ಹತ್ತು ವರ್ಷದ ಕೊನೆಗೆ ಬದುಕಿದ್ದವರು ಕ್ರಮವಾಗಿ ಶೇಕಡಾ 83 ಮತ್ತು 79. ಆದುದರಿಂದ ಸುರುಳಿಯ ಕೀರ್ತಿಗೆ ಕುಂದಿಲ್ಲ. ಆದರೆ ಈ ಸಣ್ಣ ಸಂಖ್ಯೆಗಳ ಹಿಂದೆ ರೋಗಿಯನ್ನು ಮತ್ತೆ ಕರೆಸಿ ನೋಡುವ, ಬೇಕಾದರೆ ಮತ್ತೆ ಚಿಕಿತ್ಸೆ ಮಾಡುವ ವ್ಯವಸ್ಥೆಯೊಂದಿತ್ತು. ಆ ವ್ಯವಸ್ಥೆಯನ್ನು ಬಿಟ್ಟು ಅಂಕಿಗಳನ್ನು ಮಾತ್ರ ನಮ್ಮ ಕರಾವಳಿಗೆ ತರುವುದು ಸಾಧುವಲ್ಲ.

ನಮ್ಮ ಮೂರು ತಾಲ್ಲೂಕುಗಳ ಸ್ಥಿತಿಯನ್ನು ನೋಡೋಣ. 1862ರಲ್ಲಿ ಕೆನರಾದ ಉತ್ತರ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ದಕ್ಷಿಣ ಭಾಗ ಮದರಾಸಿಗೆ ಉಳಿಯಿತು. 1956ರಲ್ಲಿ ಎರಡೂ ಮೈಸೂರು ರಾಜ್ಯದಲ್ಲಿ ಒಂದಾದವು. ಆದರೆ 1953ರಲ್ಲಿ ಮಣಿಪಾಲದಲ್ಲಿಯೂ 1957ರಲ್ಲಿ ಹುಬ್ಬಳ್ಳಿಯಲ್ಲಿಯೂ ವೈದ್ಯ ಕಾಲೇಜು ಹುಟ್ಟಿದರೆ, ಉತ್ತರ ಕನ್ನಡಕ್ಕೆ ಕಾರವಾರದ ಸರಕಾರಿ ವೈದ್ಯ ಕಾಲೇಜು ದೊರೆತದ್ದು 2016ರಲ್ಲಿ. ಮಣಿಪಾಲವು ಭಟ್ಕಳದಿಂದ ಸುಮಾರು 90, ಕುಮಟೆಯಿಂದ ಸುಮಾರು 150 ಕಿಲೋಮೀಟರು. 2022ರ ಜುಲೈಯಲ್ಲಿ ಹೊನ್ನಾವರದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್‌ಗೇಟಿನ ಬಳಿ ಉರುಳಿ ನಾಲ್ವರು ಮಡಿದರು. ಶಿರೂರು ಹಳೆಯ ಪ್ರಾಂತಗಳ ಗಡಿಯೇ ಎಂಬುದನ್ನು ಚರಿತ್ರೆಯ ವಿದ್ಯಾರ್ಥಿ ಮರೆಯಲಾರ. ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಆಗ ಬಲವಾಗಿ ಎದ್ದಿತು. ಅದು ನ್ಯಾಯವಾದ ಬೇಡಿಕೆ.

ಆದರೂ ಅದು ತುರ್ತಿನ ಕೂಗು. ತಲೆ ಸಿಡಿಯುವ ನೋವು ಬಂದಾಗ ಸಾಲ ಮಾಡಿಯಾದರೂ ರೋಗಿಯನ್ನು ದಕ್ಷಿಣಕ್ಕೆ ಒಯ್ಯುತ್ತಾರೆ. ನೋವಿಲ್ಲದ ಮೂರನೆಯ ವರ್ಷದಲ್ಲಿ, ದಿನಗೂಲಿಯನ್ನು ಬಿಟ್ಟು, ಬರಿಯ ಆಂಜಿಯೋಗ್ರಾಂ ಪರೀಕ್ಷೆಗಾಗಿ ಅಷ್ಟು ದೂರ ಹೋಗುವವರಾರು? ‘ಗುಣವಾಯಿತು’ ಎಂಬ ಮಾತು ಆಗ ಹೋಗದಿರಲು ನೆಪವಾಗುತ್ತದೆ. ದೋಷ ರೋಗಿಯದಲ್ಲ, ಮಾತಿನದು.

ಚರಿತ್ರಕಾರರಾಗಿ ನಾವು ಹೇಳಬಹುದಾದುದು ದಾಖಲೆಯ ವಿಷಯ. ಯಾವ ಧಮನಿ, ಕ್ಲಿಪ್ಪೋ ಸುರುಳಿಯೋ, ಯಾವ ತಯಾರಿಕೆಯದು, ಉಬ್ಬು ಪೂರ್ಣವಾಗಿ ಮುಚ್ಚಿತೇ, ಮುಂದಿನ ಪರೀಕ್ಷೆ ಎಂದು ಎಂಬಿಷ್ಟು ಸಂಗತಿಗಳು ಕನ್ನಡದಲ್ಲಿ ಬರೆದ ಒಂದು ಹಾಳೆಯಾಗಿ ರೋಗಿಯ ಕೈಯಲ್ಲಿಯೂ, ಪ್ರತಿಯಾಗಿ ಅವನ ತಾಲ್ಲೂಕು ಆಸ್ಪತ್ರೆಯಲ್ಲಿಯೂ ಇರಬೇಕು. ಹಳೆಯ ಕೆಲವು ಕ್ಲಿಪ್ಪುಗಳು ಅಯಸ್ಕಾಂತಕ್ಕೆ ಸೆಳೆಯಲ್ಪಡುವಂಥವು. ಅವುಗಳ ವಿವರವರಿಯದೆ ಎಂ.ಆರ್.ಐ. ಯಂತ್ರದೊಳಗೆ ಮಲಗಿಸಿದರೆ ಪ್ರಾಣಕ್ಕೇ ಅಪಾಯ. ರಕ್ತದೊತ್ತಡವನ್ನು ನೋಡುವ ಕಾರ್ಯ ಕುಮಟೆಯಲ್ಲಿಯೇ ಆಗಬಲ್ಲದು. ದೂರದ ಪಯಣ ನಿಶ್ಚಿತ ದಿನದ ಪರೀಕ್ಷೆಗಷ್ಟೇ ಸಾಕು.

ಡ್ಯಾಂಡಿಯಿಂದ ಐಸ್ಯಾಟಿನವರೆಗಿನ ಕಥೆ ಸಾಧನೆಯ ಕಥೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರ ಕೊನೆಯ ಅಧ್ಯಾಯ ಶಸ್ತ್ರಕ್ರಿಯೆಯ ಮೇಜಿನ ಮೇಲಲ್ಲ, ರೋಗಿಯ ಮನೆಯಲ್ಲಿ, ವರ್ಷಾನುವರ್ಷ ನಡೆಯುತ್ತದೆ. ಅದನ್ನು ಬರೆದಿಡದ ಚರಿತ್ರೆ ಅಪೂರ್ಣವೆಂದೇ ನಮ್ಮ ಅಭಿಪ್ರಾಯ.