ಚೆಂಡು ಬಿಡಿ, ತಲೆ ನೋಡಿ

ಟೆಸ್ಟ್ ಕ್ರಿಕೆಟ್ ನೋಡಲು ಹೊಸದಾಗಿ ಕೂತವರಿಗೆ ನನ್ನದೊಂದು ಸಲಹೆ: ನಾಲ್ಕು ಓವರ್ ಚೆಂಡಿನ ಗೊಡವೆಗೆ ಹೋಗದೆ ಬ್ಯಾಟ್ಸ್‌ಮನ್‌ನ ತಲೆಯನ್ನೇ ಗಮನಿಸಿ.

‘ಚೆಂಡಿನ ಮೇಲಿಂದ ಕಣ್ಣು ತೆಗೀಬೇಡ’ ಎಂದು ನೆಟ್ಸ್‌ನಲ್ಲಿ ಕೋಚ್‌ಗಳು ಗಂಟಲು ಹರಿದುಕೊಳ್ಳುತ್ತಾರೆ. ವೇಗದ ಬೌಲಿಂಗ್ ಎದುರು ಅದು ಆಗುವ ಮಾತಲ್ಲ. ಗಂಟೆಗೆ 140 ಕಿ.ಮೀ. ವೇಗದ ಚೆಂಡು ಬ್ಯಾಟ್ ಮುಟ್ಟಲು ಅರ್ಧ ಸೆಕೆಂಡೂ ಬೇಕಿಲ್ಲ. ಹತ್ತಿರವಾದಂತೆಲ್ಲ ಅದು ಎಷ್ಟು ಸರ್ರನೆ ಸರಿಯುತ್ತದೆಂದರೆ, ಕಣ್ಣುಗುಡ್ಡೆಗೆ ಬೆನ್ನಟ್ಟಲು ಸಾಧ್ಯವಿಲ್ಲ. ಇಂಗ್ಲೆಂಡಿನ ವಿಜ್ಞಾನಿಗಳಾದ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಿಯಡ್ ಬ್ಯಾಟ್ಸ್‌ಮನ್‌ಗಳ ತಲೆಗೆ ಕ್ಯಾಮೆರಾ ಕಟ್ಟಿ, ಬೌಲಿಂಗ್ ಯಂತ್ರದೆದುರು ನಿಲ್ಲಿಸಿ ಇದನ್ನು ಪರೀಕ್ಷಿಸಿದರು. ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಚೆಂಡು ಹೊರಬಿದ್ದಾಗ ದಿಟ್ಟಿಸಿದ ಕಣ್ಣು, ಮರುಗಳಿಗೆಯಲ್ಲೇ ಅದನ್ನು ಬಿಟ್ಟು, ಪಿಚ್ ಆಗುವ ಜಾಗಕ್ಕೆ ನೆಗೆದಿರುತ್ತದೆ. ಚೆಂಡು ಬರುವ ಮೊದಲೇ ಅಲ್ಲಿ ಹೋಗಿ ಕಾಯುತ್ತದೆ! ನುರಿತವನ ಕಣ್ಣು ಬೇಗ ನೆಗೆಯುತ್ತದೆ, ಕಲಿಯುವವನದು ತಡವಾಗಿ. 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಅಗ್ರ ದರ್ಜೆಯ ಆಟಗಾರರ ತಲೆ ಚೆಂಡಿನ ಜೊತೆಗೇ ತಿರುಗುತ್ತಿದ್ದದ್ದು ಕಂಡುಬಂತು.

ಕಣ್ಣಿನ ನೆಗೆತ ಗ್ಯಾಲರಿಗೆ ಕಾಣುವುದಿಲ್ಲ, ತಲೆ ಕಾಣುತ್ತದೆ. 2003ರ ಅಡಿಲೇಡ್ ಟೆಸ್ಟಿನಲ್ಲಿ ನಮ್ಮ ದ್ರಾವಿಡ್ ಹೊಡೆದ 233ರ ವಿಡಿಯೊ ಸಿಕ್ಕರೆ ಬೌಂಡರಿಗಳನ್ನು ಓಡಿಸಿಬಿಡಿ. ಬಿಟ್ಟ ಚೆಂಡುಗಳನ್ನು ನೋಡಿ. ಬ್ಯಾಟ್ ಮೇಲೆತ್ತಿ ಚೆಂಡನ್ನು ಕೀಪರ್‌ಗೆ ಹೋಗಗೊಡುವಾಗಲೂ ಮುಖ ಅದರ ಜಾಡಿನಲ್ಲೇ ಇರುತ್ತದೆ. ನನ್ನ ಮಟ್ಟಿಗೆ ಕವರ್ ಡ್ರೈವ್‌ಗಿಂತ ಅದೇ ಸೊಗಸು.

ಸ್ಪಿನ್ ಬಂದಾಗ ಕಣ್ಣಿನ ಕೆಲಸ ಬೌಲರ್‌ನ ಮಣಿಕಟ್ಟಿನಿಂದಲೇ ಶುರು. ಗೂಗ್ಲಿಯನ್ನು ಅಲ್ಲೇ ಓದಿದರೆ ಬಚಾವು. ಬಿ.ಎಸ್. ಚಂದ್ರಶೇಖರ್ ಹೆಚ್ಚುಕಡಿಮೆ ಮಧ್ಯಮ ವೇಗದಲ್ಲೇ ಗೂಗ್ಲಿ ಎಸೆಯುತ್ತಿದ್ದರಿಂದ ಓದುವ ಸಮಯವೂ ಸಿಗುತ್ತಿರಲಿಲ್ಲ. 1971ರ ಓವಲ್ ಟೆಸ್ಟಿನಲ್ಲಿ ಅವರು 38 ರನ್ನಿಗೆ 6 ವಿಕೆಟ್ ಕಿತ್ತರು.

ಸೈಟ್‌ಸ್ಕ್ರೀನ್ ಹತ್ತಿರ ಯಾರೋ ಎದ್ದು ನಡೆದರೆಂದು ಬ್ಯಾಟ್ಸ್‌ಮನ್ ಕೈಯೆತ್ತಿ ಆಟ ನಿಲ್ಲಿಸಿದಾಗ ಗೊಣಗಬೇಡಿ. ಚೆಂಡು ಕೈಬಿಡುವ ಆ ಗಳಿಗೆ ಕಣ್ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಸಾಧ್ಯವಾದರೆ ಬೌಲರ್‌ನ ಬೆನ್ನ ಹಿಂದಿನ ಸೀಟು ಹಿಡಿಯಿರಿ. ಬಲಗೈ ಆಟಗಾರನ ತಲೆ ಆಫ್‌ಸೈಡಿಗೆ ವಾಲತೊಡಗಿದರೆ, ಒಳಬರುವ ಚೆಂಡಿಗೆ ಎಲ್‌ಬಿಡಬ್ಲ್ಯು ಆಗುವ ಸಂಭವ ಹೆಚ್ಚು. ಪಕ್ಕದವರಿಗೆ ಮೊದಲೇ ಹೇಳಿಡಿ. ಅಷ್ಟು ಜಂಬ ತಪ್ಪೇನಲ್ಲ.