ಸಂಚಿ ಹಿಡಿದ ಕೈಯ ಸಾಂಗತ್ಯ

ಒಂಟಿಕೊಪ್ಪಲಿನ ನಮ್ಮ ಮನೆಯಲ್ಲಿ ಅಜ್ಜಿಯ ಎಲೆಯಡಿಕೆ ಸಂಚಿ ಇನ್ನೂ ಇದೆ. ಬಿಚ್ಚಿದರೆ ಒಂದರ ಹಿಂದೊಂದು ಜೇಬು: ಎಲೆಗೆ ಅಗಲದ್ದು, ಅಡಿಕೆಗೆ ಆಳದ್ದು, ಸುಣ್ಣದ ಡಬ್ಬಿಗೆ ಎರಡು ಬೆರಳಷ್ಟೇ ಹಿಡಿಯುವಂಥದ್ದು. ಹೊನ್ನಮ್ಮನ ಹೆಸರಿಗೆ ಅಂಟಿಕೊಂಡದ್ದೂ ಇಂಥದೇ ಚೀಲ. ಯಳಂದೂರಿನ ಈ ಹೆಣ್ಣುಮಗಳು ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ರಾಣಿ ದೇವಾಜಮ್ಮಣ್ಣಿಗೆ ಎಲೆಯಡಿಕೆ ಒದಗಿಸುವ ಊಳಿಗದವಳು. ಅವಳ ಕಾವ್ಯ ‘ಹದಿಬದೆಯ ಧರ್ಮ’ ಕೈಗೆತ್ತಿಕೊಂಡಾಗಲೆಲ್ಲ ನನಗೆ ಅವಳು ನಿಂತ ಜಾಗ ಕಣ್ಣಿಗೆ ಕಟ್ಟುತ್ತದೆ. ಕರೆದರೆ ಕೇಳಿಸುವಷ್ಟು ಹತ್ತಿರ; ಜೊತೆಗೆ ಕೂರುವಷ್ಟು ಹತ್ತಿರವಲ್ಲ.

ಈ ಕಾವ್ಯವನ್ನು ನಾವು ಸರಿಯಾಗಿ ನಡೆಸಿಕೊಂಡಿಲ್ಲ. ಹೆತ್ತು ಸಾಕಿದವಳೂ ಹೆಣ್ಣೇ ಅಲ್ಲವೇ ಎಂದು ಗದರುವ ಪದ್ಯವನ್ನಷ್ಟೇ ಬಿಡಿಸಿಕೊಂಡು ಭಾಷಣಗಳಲ್ಲಿ ಬಳಸಿದೆವು. ಇಲ್ಲವೇ ಪತಿವ್ರತೆಯ ಪಾಠವೆಂದು ಪುಸ್ತಕವನ್ನೇ ಮುಚ್ಚಿಟ್ಟೆವು. ಪಾಠ ಇರುವುದು ನಿಜ. ಗಂಡನ ಸೇವೆ, ಅತ್ತೆ ಮಾವಂದಿರ ಶುಶ್ರೂಷೆ ಎಂದು ಅವಳು ಹೇಳುತ್ತ ಹೋಗುವಾಗ ನನಗೂ ಬೇಸರ ಬರುತ್ತದೆ, ಅದನ್ನು ಮುಚ್ಚಿಡಲಾರೆ. ಆದರೆ ಕಾವ್ಯ ಇರುವುದು ಸಾಂಗತ್ಯದಲ್ಲಿ; ಸಾಂಗತ್ಯವೆಂದರೆ ಹಾಡಿಕೊಳ್ಳುವ ಮಟ್ಟು. ಇದರ ಒಂಬತ್ತು ಸಂಧಿಗಳನ್ನು ದನಿಯೆತ್ತಿ ಓದಿ ನೋಡಿ. ಉಪದೇಶದ ಇಳಿದನಿಯಲ್ಲೇ ಬಂದವಳು ಹೆಣ್ಣನ್ನು ಹಳಿಯುವವರ ಮಾತು ಬಂದ ತಕ್ಷಣ ಅವರನ್ನು ಕಣ್ಣಿಲ್ಲದವರು ಎಂದುಬಿಡುತ್ತಾಳೆ. ಅರಸ ಬರೆಯಿಸಿದ, ರಾಣಿ ಒತ್ತಾಸೆಯಾಗಿ ನಿಂತ ಕಾವ್ಯದಲ್ಲಿ ಊಳಿಗದವಳ ಬಾಯಿಂದ ಬಂದ ಮಾತು ಅದು. ಬಿಡಿ ಪದ್ಯವಾಗಿ ಓದಿದರೆ ಈ ಏರು ಕಿವಿಗೆ ಬೀಳುವುದೇ ಇಲ್ಲ.

ಅವಳಂಥವರ ಹೆಸರು ಉಳಿಯುವುದೇ ಅಪರೂಪ. ಹೊನ್ನಮ್ಮನಿಗೂ ಹಿಂದೆ ವಿಜಯನಗರದಲ್ಲಿ ಹೆಂಗಸರು ಊರೆಲ್ಲ ಕಾಣುವಂತೆ ಕುಣಿದಿದ್ದರು. ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಆ ಸಾಲು ಇಂದಿಗೂ ಉಂಟು. ಪೋರ್ಚುಗೀಸ್ ಪ್ರವಾಸಿ ಪಾಯಸ್ ಆ ಹೆಂಗಸರ ಒಡವೆಗಳ ಭಾರವನ್ನೂ ಬೆರಗಿನಿಂದ ಬರೆದಿಟ್ಟ. ಒಬ್ಬಳ ಹೆಸರನ್ನೂ ಬರೆಯಲಿಲ್ಲ. ಹೆಸರು ಉಳಿದದ್ದು ಕೊಟ್ಟವರದು: 1513ರಲ್ಲಿ ತಿರುಮಲೆಯ ದೇವರಿಗೆ ಚಿನ್ನದ ಬಟ್ಟಲು ಒಪ್ಪಿಸಿದ ರಾಣಿಯರಾದ ತಿರುಮಲದೇವಿ, ಚಿನ್ನಾದೇವಿಯರದು. ಕುಣಿದವಳಿಗೆ ಕಲ್ಲಿನ ಮೈ, ಕೊಟ್ಟವಳಿಗೆ ಶಾಸನದ ಅಕ್ಷರ. ಹೊನ್ನಮ್ಮ ಕೊಟ್ಟವಳಲ್ಲ, ಆದರೂ ಅವಳ ಹೆಸರು ಉಳಿಯಿತು. ಅದಕ್ಕೆ ಅವಳಿಗೆ ಅಕ್ಷರ ಬೇಕಿತ್ತು, ಕಲಿಸಲು ಸಿಂಗರಾರ್ಯರಂಥ ಗುರು ಬೇಕಿತ್ತು, ಇವಳಿಂದ ಆದೀತು ಎನ್ನುವ ಒಬ್ಬ ಹೆಂಗಸೂ ಬೇಕಿತ್ತು. ದೇವಾಜಮ್ಮಣ್ಣಿಯ ದೊಡ್ಡತನವನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಒಂದು ಸಾಲಿನಲ್ಲಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ.

ಮುಂದೆ ಅದೇ ಮನೆತನದಲ್ಲಿ ರಾಣಿಯೇ ಕವಿಯಾದಳು. ದೊಡ್ಡ ಕೃಷ್ಣರಾಜ ಒಡೆಯರ ಮಡದಿ ಚೆಲುವಾಂಬೆ ಸಾಂಗತ್ಯದಲ್ಲೇ ‘ವರನಂದಿ ಕಲ್ಯಾಣ’ ಬರೆದಳು. ಮೇಲುಕೋಟೆಯ ದೇವರು ಚೆಲುವರಾಯನಿಗೆ ಮನಸೋತ ದಿಲ್ಲಿ ಸುಲ್ತಾನನ ಮಗಳ ಕತೆ ಅದು. ಕತೆಯ ಸೊಗಸು ಅಲ್ಲಿ ಹೆಚ್ಚು. ಆದರೂ ಮತ್ತೆ ಮತ್ತೆ ನಾನು ತೆರೆಯುವುದು ಹೊನ್ನಮ್ಮನನ್ನೇ. ಅವಳ ಪದ್ಯಗಳಲ್ಲಿ, ಯಜಮಾನಿಯ ಮುಖ ನೋಡುತ್ತ, ಈ ಮಾತನ್ನು ಇಲ್ಲಿ ಹೇಳಬಹುದೇ ಎಂದು ಒಂದು ಗಳಿಗೆ ತಡೆದು, ಆಮೇಲೆ ಹೇಳಿಯೇಬಿಟ್ಟವಳ ಉಸಿರು ನನಗೆ ಕೇಳಿಸುತ್ತದೆ.